ಒಂದು ವಾರ್ಡು, ಆರು ಮಂದಿ, ಹದಿನಾರು ವಾರ: ಗಡಿನಾಡಿನ ಪದವಿ ವಿದ್ಯಾರ್ಥಿಗಳಿಗೆ ತಂಡ ಸಂಶೋಧನೆಯ ಕೈಪಿಡಿ

ಪದವಿ ಪ್ರಾಜೆಕ್ಟು ಎಂದರೆ ಸೀನಿಯರ್ ಕೊಟ್ಟ ಫೈಲಿನ ಮೊದಲ ಪುಟ ಬದಲಿಸಿ ಬೈಂಡಿಂಗ್‌ಗೆ ಕೊಡುವುದು ಎಂಬಲ್ಲಿಗೆ ಎಷ್ಟೋ ಕಡೆ ಬಂದು ನಿಂತಿದೆ. ಕಾಸರಗೋಡಿನ ಹುಡುಗ ಹುಡುಗಿಯರಿಗೆ ಆ ಗತಿ ಬರಬೇಕಾಗಿಲ್ಲ. 1956ರ ಅಕ್ಟೋಬರ್ 31ರ ರಾತ್ರಿ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಲಗಿದ ಊರು ಬೆಳಗ್ಗೆ ಕೇರಳದಲ್ಲಿ ಎದ್ದಿತು. ನಾಲ್ಕೇ ತಿಂಗಳಲ್ಲಿ ಹೊಸ ರಾಜ್ಯದ ಮೊದಲ ಚುನಾವಣೆ. 1967ರಲ್ಲಿ ಗಡಿ ತಕರಾರು ವಿಚಾರಿಸಿದ ಮಹಾಜನ್ ಆಯೋಗ ಚಂದ್ರಗಿರಿ–ಪಯಸ್ವಿನಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು. ಅದು ಜಾರಿಗೆ ಬರಲಿಲ್ಲ. ಇದನ್ನೆಲ್ಲ ಕಂಡವರಲ್ಲಿ ಕೆಲವರು ಇನ್ನೂ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಕಾಗದಗಳು ಅಟ್ಟದಲ್ಲಿವೆ, ಪಂಚಾಯತ್ ಕಚೇರಿಯ ಕಪಾಟಿನಲ್ಲಿವೆ. ಒಬ್ಬನೇ ವಿದ್ಯಾರ್ಥಿಗೆ ಇಷ್ಟನ್ನೆಲ್ಲ ಮುಟ್ಟಲು ಸಾಧ್ಯವಿಲ್ಲ. ಆರು ಮಂದಿಗೆ ಒಂದು ಸೆಮಿಸ್ಟರಿನಲ್ಲಿ ಸಾಧ್ಯ.

ಅವಕಾಶ ಎಲ್ಲಿದೆ?

ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರ ಜುಲೈಯಿಂದ ನಾಲ್ಕು ವರ್ಷದ ಪದವಿ ಶುರುವಾಗಿದೆ. ಯುಜಿಸಿ ಚೌಕಟ್ಟಿನ ಪ್ರಕಾರ ನಾಲ್ಕನೆಯ ವರ್ಷ ‘ಸಂಶೋಧನೆ ಸಹಿತ ಆನರ್ಸ್’ ಸೇರಲು ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ಬೇಕು, ಪ್ರಬಂಧಕ್ಕೆ 12 ಕ್ರೆಡಿಟ್ ಸಿಗುತ್ತದೆ. ಆದರೆ ಅದಕ್ಕಾಗಿ ಮೂರು ವರ್ಷ ಕಾಯುತ್ತ ಕೂರಬೇಡಿ. ಎರಡನೆಯ ವರ್ಷದ ಪ್ರಾಜೆಕ್ಟು, ಎನ್ನೆಸ್ಸೆಸ್‌ನ ಏಳು ದಿನದ ಶಿಬಿರ, ಊರಿನ ಗ್ರಂಥಾಲಯದ ವಾರ್ಷಿಕೋತ್ಸವ ಇವೆಲ್ಲ ಒಂದೇ ಕೆಲಸದ ಮೆಟ್ಟಿಲಾಗಬಹುದು. ಹಣ ಮಾತ್ರ ನಿರೀಕ್ಷಿಸಬೇಡಿ. ಚರಿತ್ರೆ, ಸಮಾಜವಿಜ್ಞಾನದ ರಾಷ್ಟ್ರೀಯ ಪರಿಷತ್ತುಗಳ ಅನುದಾನ ಬಹುಮಟ್ಟಿಗೆ ಪಿಎಚ್‌ಡಿ ಮಟ್ಟದವರಿಗೆ. ಬಸ್ಸಿನ ಟಿಕೆಟು, ಜೆರಾಕ್ಸು, ಒಂದು ಹಾರ್ಡ್ ಡಿಸ್ಕು, ಇಷ್ಟರೊಳಗೆ ಮುಗಿಯುವಂತೆ ಯೋಜನೆ ಹಾಕಿ.

ಅಂತಿಮ ಪ್ರಬಂಧ ಒಬ್ಬೊಬ್ಬರ ಹೆಸರಿನಲ್ಲಿ ಸಲ್ಲಿಸಬೇಕಾದ ಕಡೆ ಸಾಮಗ್ರಿ ಎಲ್ಲರದ್ದು, ಪ್ರಶ್ನೆ ಒಬ್ಬೊಬ್ಬರದು ಎಂದು ಮೊದಲ ವಾರವೇ ಕಾಗದದಲ್ಲಿ ಬರೆದು ಆರೂ ಮಂದಿ ಸಹಿ ಹಾಕಿ, ಮಾರ್ಗದರ್ಶಕರಿಗೆ ಒಂದು ಪ್ರತಿ ಕೊಡಿ. ಈ ಒಂದು ಪುಟ ಬರೆಯದೆ ಹೋದರೆ ಹದಿನಾಲ್ಕನೆಯ ವಾರದಲ್ಲಿ ‘ಆ ಸಂದರ್ಶನ ನನ್ನದು’ ಎಂಬ ಮಾತು ಬಂದೇ ಬರುತ್ತದೆ.

ಪ್ರಶ್ನೆಯನ್ನು ಕಿರಿದು ಮಾಡುವುದು

‘ಕಾಸರಗೋಡಿನ ವಿಲೀನ ಮತ್ತು ಪ್ರಜಾಪ್ರಭುತ್ವ’ ಎಂಬುದು ಪ್ರಶ್ನೆಯಲ್ಲ, ಕಪಾಟಿನ ಹೆಸರು. ಪ್ರಶ್ನೆ ಹೀಗಿರಲಿ: ‘ಮಂಜೇಶ್ವರ ಕ್ಷೇತ್ರದ ಈ ಒಂದು ವಾರ್ಡಿನಲ್ಲಿ 1957ರಿಂದ 1967ರ ವರೆಗಿನ ಓಟಿನ ದಿನಗಳನ್ನು ಜನ ಹೇಗೆ ನೆನೆಯುತ್ತಾರೆ, ಆ ನೆನಪು ಕಾಗದದೊಂದಿಗೆ ಎಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ?’ ಮೂರು ಪರೀಕ್ಷೆ ಸಾಕು. ಆ ಜಾಗವನ್ನು ಒಂದು ದಿನದಲ್ಲಿ ನಡೆದು ಮುಗಿಸಬಹುದೇ? ಅದರ ಬಗ್ಗೆ ಎರಡು ಬೇರೆ ಬೇರೆ ಕಡೆಯ ಕಾಗದ ಇದೆಯೇ? ಮಾತಾಡಬಲ್ಲವರು ಎಂಟು ಮಂದಿಯಾದರೂ ಇದ್ದಾರೆಯೇ?

ಮೂರನೆಯದಕ್ಕೆ ಲೆಕ್ಕ ಹಾಕಲೇಬೇಕು. 1989ರ ವರೆಗೆ ಮತದಾನದ ವಯಸ್ಸು 21. ಹಾಗಾಗಿ 1957ರಲ್ಲಿ ಓಟು ಹಾಕಿದವರು 1936ರಲ್ಲೋ ಅದಕ್ಕೂ ಮೊದಲೋ ಹುಟ್ಟಿದವರು; ಈಗ ತೊಂಬತ್ತರ ಆಸುಪಾಸು ಅಥವಾ ಅದಕ್ಕೂ ಮೇಲೆ. ಒಂದು ವಾರ್ಡಿನಲ್ಲಿ ಅಂಥವರು ಇಬ್ಬರು ಸಿಕ್ಕಿದರೆ ಪುಣ್ಯ. 1967ರ ಮತದಾರರು 1946ಕ್ಕೆ ಮೊದಲು ಹುಟ್ಟಿದವರು, ಅಂಥವರು ಹತ್ತಿಪ್ಪತ್ತು ಮಂದಿ ಸಿಗಬಹುದು. ನಿಮಗೆ 1957ರ ಬಗ್ಗೆ ಬಲು ಚಂದವಾಗಿ ಹೇಳುವ ಎಪ್ಪತ್ತೈದರ ಅಜ್ಜ ಅಂದು ಆರು ಏಳು ವರ್ಷದ ಪೋರ. ಅವರ ಮಾತು ಬೇಡ ಎಂದಲ್ಲ, ‘ಕೇಳಿದ ನೆನಪು’ ಎಂಬ ಬೇರೆ ಕಾಲಮ್ಮಿನಲ್ಲಿ ಬರೆಯಿರಿ.

ಭೂಮಿಯ ಪ್ರಶ್ನೆಯೂ ಗಡಿನಾಡಿಗೆ ಹೇಳಿ ಮಾಡಿಸಿದ್ದು. ಕೇರಳದಲ್ಲಿ ಒಕ್ಕಲುಗಳಿಗೆ ಭೂಮಿಯ ಹಕ್ಕು ಬಂದದ್ದು 1970ರ ಜನವರಿ 1ರಿಂದ, ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ. ಗಡಿಯ ಎರಡೂ ಬದಿಯಲ್ಲಿ ಒಂದೇ ದಕ್ಷಿಣ ಕನ್ನಡದ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಒಡೆಯ ಬಿಡಿಸಬಹುದಾದ ಗೇಣಿ) ಇದ್ದ ಊರುಗಳು. ಆಚೆ ಈಚೆ ನಂಟಸ್ತಿಕೆಯಿರುವ ಒಕ್ಕಲು ಮನೆತನಗಳಲ್ಲಿ ನಡುವಿನ ಆ ನಾಲ್ಕು ವರ್ಷ ಏನೇನು ನಡೆಯಿತು ಎಂಬುದೊಂದೇ ಒಂದು ತಂಡಕ್ಕೆ ಸಾಕು. ಹೊಸ ಕಾಲದ್ದೇ ಬೇಕೆನ್ನುವವರು ಗ್ರಾಮಸಭೆಯ ನಡಾವಳಿ ಯಾವ ಭಾಷೆಯಲ್ಲಿದೆ ಎಂಬುದನ್ನು ಹಿಡಿಯಲಿ.

ತಂಡ ಕಟ್ಟುವಾಗ

ಆರು ಮಂದಿಯಲ್ಲಿ ಇಬ್ಬರು ಕಾಗದಕ್ಕೆ, ಮೂವರು ಮಾತಿಗೆ, ಒಬ್ಬರು ದಾಖಲೆ ಇಡುವುದಕ್ಕೆ. ಗೆಳೆತನ ನೋಡಿ ತಂಡ ಕಟ್ಟಬೇಡಿ, ಭಾಷೆ ನೋಡಿ ಕಟ್ಟಿ. ಮನೆಮಾತು ತುಳು ಇರುವವರು ಒಬ್ಬರು, ಮಲಯಾಳವೋ ಬ್ಯಾರಿಯೋ ಇರುವವರು ಒಬ್ಬರು ಬೇಕೇ ಬೇಕು. ಮಲಯಾಳಂ ಕೈಬರಹ ಓದಬಲ್ಲವರು ಇಲ್ಲದಿದ್ದರೆ ಪಂಚಾಯತ್ ಕಡತ ತೆರೆದು ನೋಡಿ ಮುಚ್ಚಿ ಬರಬೇಕಷ್ಟೇ. ಇಲ್ಲೊಂದು ಸೂಕ್ಷ್ಮ: ಮಲಯಾಳಂ ಲಿಪಿ ಸುಧಾರಣೆಯಾದದ್ದು 1971ರಲ್ಲಿ. ಶಾಲೆಯಲ್ಲಿ ಹೊಸ ಲಿಪಿ ಕಲಿತವರು ಹಳೆಯ ಕಡತದ ಒತ್ತಕ್ಷರಗಳ ಮುಂದೆ ತಡವರಿಸುತ್ತಾರೆ. ಊರಿನ ನಿವೃತ್ತ ಗುಮಾಸ್ತರೋ ಮಾಸ್ತರೋ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ದಾಖಲೆ ಇಡುವವರ ಕೆಲಸವನ್ನು ಸುಮ್ಮನೆ ಕೂರುವವರಿಗೆ ಕೊಡುವುದು ವಾಡಿಕೆ. ತಂಡ ಮುಳುಗುವುದು ಅಲ್ಲೇ. ಆ ಒಬ್ಬರ ಹತ್ತಿರ ಒಂದು ರೂಲು ಹಾಕಿದ ಪುಸ್ತಕ ಇರಲಿ: ಸಾಲು ಸಂಖ್ಯೆ, ದಿನಾಂಕ, ಎಲ್ಲಿ, ಯಾರು ಹೋಗಿದ್ದರು, ಏನು ಸಿಕ್ಕಿತು, ಮೂಲ ಎಲ್ಲಿದೆ, ಪ್ರತಿ ಎಲ್ಲಿದೆ, ಒಪ್ಪಿಗೆ ಯಾವ ಮಟ್ಟದ್ದು. ಸಂದರ್ಶನಕ್ಕೆ ಸಂಖ್ಯೆ ಕೊಡಿ, ಹೆಸರು ಕೊಡಬೇಡಿ. ಹೆಸರು ಮತ್ತು ಸಂಖ್ಯೆಯ ಜೋಡಿ ಆ ಪುಸ್ತಕದಲ್ಲಿ ಮಾತ್ರ. ಧ್ವನಿ, ಫೋಟೋಗಳನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಿ ‘ಸೇವ್ ಆಯಿತು’ ಎಂದು ನೆಮ್ಮದಿಯಾಗಿರಬೇಡಿ. ಅದರಲ್ಲಿ ಹೋದ ಫೋಟೋ ಕುಗ್ಗುತ್ತದೆ, ಹಳೆಯ ರಸೀದಿಯ ಅಂಚಿನ ಸಣ್ಣಕ್ಷರ ಓದಲಿಕ್ಕಾಗುವುದಿಲ್ಲ. ಅದೇ ದಿನ ಸಂಜೆ ಕೇಬಲ್ ಹಾಕಿ ಕಂಪ್ಯೂಟರಿಗೆ, ಅಲ್ಲಿಂದ ಹಾರ್ಡ್ ಡಿಸ್ಕಿಗೆ. ಎರಡು ಪ್ರತಿ ಆಗುವ ಮೊದಲು ಫೋನಿನಿಂದ ಅಳಿಸುವಂತಿಲ್ಲ.

ಮೊದಲು ಅರ್ಜಿ, ಆಮೇಲೆ ಅಜ್ಜಿ

ಹೆಚ್ಚಿನ ತಂಡಗಳು ಉತ್ಸಾಹದಲ್ಲಿ ಸೀದಾ ಸಂದರ್ಶನಕ್ಕೆ ಹೋಗುತ್ತವೆ, ಕಾಗದ ಬೇಕೆಂದು ಹೊಳೆಯುವುದು ಹತ್ತನೆಯ ವಾರದಲ್ಲಿ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಲು ಕಚೇರಿಗೆ 30 ದಿನ ಕಾಲಾವಕಾಶ ಇದೆ. ತೃಪ್ತಿಯಾಗದಿದ್ದರೆ ಮೊದಲ ಮೇಲ್ಮನವಿಗೆ ನಿಮಗೆ ಇನ್ನೊಂದು 30 ದಿನ. ಆದ್ದರಿಂದ ಎರಡನೆಯ ವಾರದೊಳಗೆ ಅರ್ಜಿ ಹೋಗಿರಬೇಕು. ಶುಲ್ಕ 10 ರೂಪಾಯಿ. ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರಾಯಿತು.

ಅರ್ಜಿಯಲ್ಲಿ ‘ಯಾಕೆ’ ಎಂದು ಕೇಳಬೇಡಿ. ‘ಗ್ರಾಮಸಭೆಯಲ್ಲಿ ಕನ್ನಡ ಯಾಕೆ ಬಳಸುತ್ತಿಲ್ಲ?’ ಎಂದರೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲು ಬರುತ್ತದೆ, ಒಂದು ತಿಂಗಳು ಹೋಗುತ್ತದೆ. ಇಂಥ ವಾರ್ಡಿನ, ಇಂಥ ವರ್ಷದಿಂದ ಇಂಥ ವರ್ಷದ ವರೆಗಿನ ಗ್ರಾಮಸಭಾ ನಡಾವಳಿ ಪುಸ್ತಕಗಳನ್ನು ಖುದ್ದಾಗಿ ನೋಡಲು ಅವಕಾಶ ಕೊಡಿ ಎಂದು ಕೇಳಿ. ಕಡತ ನೋಡುವುದೂ ಕಾಯಿದೆಯೊಳಗಿನ ಹಕ್ಕೇ, ಮೊದಲ ಒಂದು ಗಂಟೆಗೆ ಶುಲ್ಕವಿಲ್ಲ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ರಾಜ್ಯ ಸರಕಾರದ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಲು, ಕನ್ನಡದಲ್ಲೇ ಉತ್ತರ ಪಡೆಯಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶ ಇದೆ. ಉತ್ತರ ಎಷ್ಟನೆಯ ದಿನ ಬಂತು, ಯಾವ ಭಾಷೆಯಲ್ಲಿ ಬಂತು ಎಂಬುದನ್ನು ಬರೆದಿಡಿ. ಕೇಳಿದ್ದು ಸಿಗದಿದ್ದರೂ ಆ ಲಕೋಟೆಯೇ ಪ್ರಬಂಧದ ಒಂದು ಕೋಷ್ಟಕವಾಗುತ್ತದೆ.

ಕರ್ನಾಟಕದ ಪಠ್ಯ ಓದಿ ಬಂದವರಿಗೆ ಒಂದು ಮಾತು: ಕೇರಳದಲ್ಲಿ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆ, ವಾರ್ಡಿನ ಸದಸ್ಯರೇ ಅದರ ಸಂಚಾಲಕರು. ಇಡೀ ಪಂಚಾಯತಿಗೊಂದು ಗ್ರಾಮಸಭೆ ಎಂದುಕೊಂಡು ಕೇಳಿದರೆ ಗುಮಾಸ್ತರಿಗೆ ನಿಮ್ಮ ಅರ್ಜಿ ಅರ್ಥವಾಗುವುದಿಲ್ಲ. 2025ರ ಸ್ಥಳೀಯ ಚುನಾವಣೆಗೆ ಮೊದಲು ವಾರ್ಡುಗಳ ಮರುವಿಂಗಡಣೆಯೂ ಆಗಿದೆ. ಅದೇ ಹೆಸರಿನ ವಾರ್ಡು ಅದೇ ಮನೆಗಳ ವಾರ್ಡಲ್ಲ.

ಕಾಗದ ಓದುವಲ್ಲಿ ಎಡವುವ ಜಾಗಗಳು

ಜನಗಣತಿಯಿಂದ ಶುರು ಮಾಡುವವರು 1951ರ ಕಾಸರಗೋಡು ತಾಲೂಕನ್ನು 1961ರ ಕಾಸರಗೋಡು ತಾಲೂಕಿನ ಪಕ್ಕ ಇಟ್ಟು ‘ಕನ್ನಡಿಗರ ಪ್ರಮಾಣ ಬದಲಾಯಿತು’ ಎಂದು ಬರೆದುಬಿಡುತ್ತಾರೆ. 1951ರ ತಾಲೂಕಿನಲ್ಲಿ ನೀಲೇಶ್ವರದ ಕಡೆಯೂ ಇತ್ತು. 1957ರಲ್ಲಿ ಆ ದಕ್ಷಿಣದ ಭಾಗ ಹೊಸದುರ್ಗ ಎಂಬ ಬೇರೆ ತಾಲೂಕಾಯಿತು. ಬದಲಾದದ್ದು ಜನರಲ್ಲ, ಗೆರೆ. ಗ್ರಾಮವಾರು ಅಂಕಿ ಹಿಡಿಯದೆ ಹೋಲಿಸಬೇಡಿ. ಇನ್ನೂ ದೊಡ್ಡ ಬಲೆ ‘ಮಾತೃಭಾಷೆ’ ಎಂಬ ಕಾಲಮ್ಮು. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಆಡಿ, ಶಾಲೆ, ಯಕ್ಷಗಾನ, ಕಾಗದ ಪತ್ರ ಎಲ್ಲ ಕನ್ನಡದಲ್ಲಿ ನಡೆಸುವವರನ್ನು ಆ ಕಾಲಮ್ಮು ಕನ್ನಡದವರೆಂದು ಎಣಿಸುವುದಿಲ್ಲ. ಗಡಿವಾದದ ಅರ್ಧ ಜಗಳ ಇರುವುದು ಈ ಒಂದು ಪದದಲ್ಲಿ. ಯಾರ ಪರವಾಗಿ ಬರೆಯುವುದಿದ್ದರೂ ಇದನ್ನು ಹೇಳದೆ ಅಂಕಿ ಕೊಡುವುದು ಅಪ್ರಾಮಾಣಿಕ.

ಚುನಾವಣೆಯ ಅಂಕಿಗಳಿಗೆ ಆಯೋಗದ ವರದಿಗಳು 1951–52ರಿಂದಲೂ ಜಾಲತಾಣದಲ್ಲಿವೆ. ಬೂತುವಾರು ಬೇಕಾದರೆ ‘ನಮೂನೆ 20’ ಎಂಬ ಅಂತಿಮ ಫಲಿತಾಂಶ ಪತ್ರ ಹುಡುಕಿ. ಮಂಜೇಶ್ವರದಲ್ಲಿ 2016ರ ಗೆಲುವಿನ ಅಂತರ 89 ಮತ, 2021ರದ್ದು 745; ಇಂಥ ಕ್ಷೇತ್ರದಲ್ಲಿ ಪ್ರತಿ ಬೂತೂ ಮಾತಾಡುತ್ತದೆ ಎಂದು ಎಲ್ಲರಿಗೂ ಆಸೆ ಹುಟ್ಟುತ್ತದೆ. ಆದರೆ 2021ರಲ್ಲಿ ಕೋವಿಡ್ ಕಾರಣ ಒಂದು ಬೂತಿಗೆ 1,000 ಮತದಾರರ ಮಿತಿ ಹಾಕಿ ಉಪಬೂತುಗಳನ್ನು ತೆರೆದಿದ್ದರು. ಬೂತಿನ ಸಂಖ್ಯೆ ಹಿಡಿದು 2016ಕ್ಕೆ ಹೋಲಿಸಿದರೆ ಒಂದು ಶಾಲೆಯ ಮತ ಇನ್ನೊಂದು ಶಾಲೆಗೆ ಹೋಗಿ ಕೂರುತ್ತದೆ. ಸಂಖ್ಯೆ ಬಿಡಿ, ಕಟ್ಟಡದ ಹೆಸರು ಹಿಡಿಯಿರಿ. ಇನ್ನು, ಮತದಾರರ ಪಟ್ಟಿಯ ಹೆಸರು ನೋಡಿ ‘ಇವರು ಕನ್ನಡ, ಇವರು ಮಲಯಾಳ’ ಎಂದು ಗುರುತು ಹಾಕುವ ಕೆಲಸಕ್ಕೆ ಕೈ ಹಾಕಬೇಡಿ. ಗಡಿನಾಡಿನಲ್ಲಿ ಹೆಸರು ಮನೆಮಾತನ್ನು ಹೇಳುವುದಿಲ್ಲ, ಹಾಗೆ ವಿಂಗಡಿಸಿದ ಪಟ್ಟಿ ತಪ್ಪು ಕೈಗೆ ಸಿಕ್ಕಿದರೆ ಅದರ ಬಳಕೆಯೇ ಬೇರೆ.

1956ಕ್ಕೆ ಹಿಂದಿನ ಮೇಲ್ಮಟ್ಟದ ಕಡತಗಳಿಗೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರವೇ ದಾರಿ. ಕೋಯಿಕ್ಕೋಡಿನ ಪ್ರಾದೇಶಿಕ ಪತ್ರಾಗಾರದಲ್ಲಿ ಮಲಬಾರ್ ಜಿಲ್ಲೆಯದ್ದೇ ಹೆಚ್ಚು; ಆಗ ಕಾಸರಗೋಡು ಮಲಬಾರಿನಲ್ಲಿರಲಿಲ್ಲ ಎಂಬುದನ್ನು ಮರೆತು ರೈಲು ಹತ್ತಬೇಡಿ, ಪತ್ರ ಬರೆದು ವಿಚಾರಿಸಿಯೇ ಹೋಗಿ. ಪತ್ರಿಕೆಗಳ ವಿಷಯದಲ್ಲೂ ಅಷ್ಟೆ: ಉದಯವಾಣಿ ಶುರುವಾದದ್ದು 1970ರಲ್ಲಿ, ಅದರ ಹಳೆಯ ಕಟ್ಟುಗಳಲ್ಲಿ ವಿಲೀನದ ದಿನದ ಸುದ್ದಿ ಸಿಗಲಾರದು. ಮೊದಲ ಸಲದ ತಂಡಕ್ಕೆ ಇಷ್ಟು ದೂರದ ಓಡಾಟವೇ ಬೇಡ ಎಂಬುದು ನಮ್ಮ ಸಲಹೆ. ವಾರ್ಡಿನ ಮನೆಗಳಲ್ಲಿರುವ ತೀರ್ವೆ (ಭೂಕಂದಾಯ) ರಸೀದಿ, ಹಳೆಯ ರೇಷನ್ ಕಾರ್ಡು, ಸಭೆಯ ಕರಪತ್ರ, ಶಾಲೆಯ ದಾಖಲಾತಿ ಪುಸ್ತಕ ಸಾಕು. ಮೂಲವನ್ನು ಮನೆಯಿಂದ ಹೊರಗೆ ಒಯ್ಯಬೇಡಿ. ಕಿಟಕಿಯ ಪಕ್ಕ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲೊಂದು ಅಡಿಕೋಲು ಇಟ್ಟು ಎರಡೂ ಬದಿಯ ಚಿತ್ರ ತೆಗೆಯಿರಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಲೆಕ್ಕ ಎಷ್ಟೋ ಸಲ ಮುಂಬದಿಗಿಂತ ಹೆಚ್ಚು ಹೇಳುತ್ತದೆ.

ಜಗಲಿಯಲ್ಲಿ

ಮಳೆಗಾಲದಲ್ಲಿ ಸಂದರ್ಶನ ಇಟ್ಟುಕೊಳ್ಳಬೇಡಿ. ಶೀಟಿನ ಮಾಡಿನ ಮೇಲೆ ಜೂನ್ ತಿಂಗಳ ಮಳೆ ಬೀಳತೊಡಗಿದರೆ ಧ್ವನಿಮುದ್ರಣದಲ್ಲಿ ಮಳೆ ಬಿಟ್ಟು ಬೇರೇನೂ ಇರುವುದಿಲ್ಲ. ಬೆಳಗ್ಗೆ ಹತ್ತರಿಂದ ಹನ್ನೆರಡು ಒಳ್ಳೆಯ ಹೊತ್ತು. ಉಪವಾಸದ ತಿಂಗಳಲ್ಲಿ ಮುಸ್ಲಿಂ ಮನೆಗಳಿಗೆ ಹೋಗುವುದಿದ್ದರೆ ಅವರನ್ನೇ ಕೇಳಿ ಸಮಯ ಇಟ್ಟುಕೊಳ್ಳಿ. ಇಬ್ಬರೇ ಹೋಗಿ, ಅವರಲ್ಲಿ ಒಬ್ಬರು ಹುಡುಗಿಯಾಗಿರಲಿ. ಅಜ್ಜಿಯನ್ನು ಕೇಳಿದರೆ ‘ನನಗೇನು ಗೊತ್ತು ಮಗಾ, ಅವರನ್ನು ಕೇಳು’ ಎಂದು ಗಂಡನ ಕಡೆ ಕೈ ತೋರಿಸುತ್ತಾರೆ. ಆಗ ಒಬ್ಬರು ಅಜ್ಜನ ಜೊತೆ ಜಗಲಿಯಲ್ಲಿ, ಇನ್ನೊಬ್ಬರು ಅಜ್ಜಿಯ ಜೊತೆ ಒಳಗೆ. ಹನ್ನೆರಡು ಸಂದರ್ಶನದಲ್ಲಿ ಆರು ಹೆಂಗಸರದ್ದು ಎಂದು ಮೊದಲೇ ನಿಗದಿ ಮಾಡದಿದ್ದರೆ ಕೊನೆಗೆ ಹತ್ತು ಗಂಡಸರದ್ದಾಗಿರುತ್ತದೆ.

ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಫ್ಯಾನು ಆರಿಸಿ, ಮಡಚಿದ ಬೈರಾಸಿನ ಮೇಲೆ ಇಡಿ. ಕುಗ್ಗಿಸದ ಮೋನೋ ವೇವ್ ಫೈಲು ನಿಮಿಷಕ್ಕೆ ಸುಮಾರು 5 ಎಂಬಿ. 45 ನಿಮಿಷಕ್ಕೆ 240 ಎಂಬಿಯಷ್ಟು ಜಾಗ ಬೇಕು. ಹೊರಡುವ ಮೊದಲು ನೋಡಿಕೊಳ್ಳಿ.

‘ಪ್ರಜಾಪ್ರಭುತ್ವದ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂದು ಕೇಳಿದರೆ ಭಾಷಣ ಸಿಗುತ್ತದೆ. ‘ಓಟಿನ ದಿನ ಮನೆಯಿಂದ ಯಾರ ಜೊತೆ ಹೊರಟಿರಿ? ಹೊಳೆ ದಾಟಬೇಕಿತ್ತೇ? ಒಳಗೆ ಹೋದಾಗ ಮೇಜಿನ ಮೇಲೆ ಏನಿತ್ತು?’ ಎಂದು ಕೇಳಿ. ಯಾರಿಗೆ ಓಟು ಹಾಕಿದಿರಿ ಎಂದು ಮಾತ್ರ ಕೇಳಬೇಡಿ. ಮತ ಗುಟ್ಟಿನದು, ಅದನ್ನು ಬಿಡಿಸುವುದು ನಿಮ್ಮ ಕೆಲಸವಲ್ಲ. ಅವರೇ ಹೇಳಿದರೆ ಹೇಳಲಿ, ಪ್ರಬಂಧಕ್ಕೆ ಹಾಕಬಹುದೇ ಎಂದು ಆಮೇಲೆ ಕೇಳಿ.

ನೆನಪನ್ನು ಪರೀಕ್ಷಿಸುವ ಸೂಕ್ಷ್ಮ ದಾರಿಗಳಿವೆ. 1957ರಲ್ಲಿ ಮಂಜೇಶ್ವರದಿಂದ ಪಕ್ಷೇತರರಾಗಿದ್ದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಅಂದರೆ ಆ ಕ್ಷೇತ್ರದಲ್ಲಿ ಆ ವರ್ಷ ವಿಧಾನಸಭೆಗೆ ಮತದಾನವೇ ನಡೆಯಲಿಲ್ಲ. ಲೋಕಸಭೆಗೆ ನಡೆಯಿತು, ಕಾಸರಗೋಡಿನಿಂದ ಎ. ಕೆ. ಗೋಪಾಲನ್ ಗೆದ್ದರು. ‘57ರಲ್ಲಿ ಎಮ್ಮೆಲ್ಲೆ ಓಟಿಗೆ ಎಂಥ ಗಲಾಟೆ!’ ಎಂದು ಯಾರಾದರೂ ಹೇಳಿದರೆ ಅವರು ನೆನೆಯುತ್ತಿರುವುದು ಬಹುಶಃ 1960ರದ್ದು. 1957ರಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇತ್ತು. ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಅನಂತರದ್ದು. ಮುದ್ರೆಯ ಮಾತು ಬಂದರೆ ವರ್ಷ ಮುಂದಕ್ಕೆ ಸರಿಸಿ ನೋಡಿ. 1965ರಲ್ಲಿ ಗೆದ್ದವರ ವಿಧಾನಸಭೆ ಒಂದು ದಿನವೂ ಸೇರಲಿಲ್ಲ ಎಂಬುದೂ ತಿಳಿದಿರಲಿ. ಹೀಗೆಂದು ಹಿರಿಯರ ಎದುರು ‘ಅಲ್ಲ ಅಜ್ಜ, ಅದು ತಪ್ಪು’ ಎನ್ನುವಂತಿಲ್ಲ. ನೆನಪು ಯಾಕೆ ಎರಡು ಚುನಾವಣೆಗಳನ್ನು ಒಂದು ಮಾಡಿತು ಎಂಬುದೇ ನಿಮ್ಮ ಅಧ್ಯಾಯ.

ಬರಹಕ್ಕಿಳಿಸುವಾಗ ಕಳೆದುಹೋಗುವ ಒಂದು ಪದ

ಒಂದು ಗಂಟೆಯ ಮಾತನ್ನು ಬರೆದಿಳಿಸಲು ಐದಾರು ಗಂಟೆ ಬೇಕು. ಹನ್ನೆರಡು ಸಂದರ್ಶನ, ಒಂದೊಂದು 45 ನಿಮಿಷ ಎಂದರೆ ಒಂಬತ್ತು ಗಂಟೆ. ಬರೆಯಲು 54 ಗಂಟೆ. ಮೂವರಿಗೆ ಹಂಚಿದರೆ ತಲಾ 18. ಇದಕ್ಕೆ ನಾಲ್ಕು ವಾರ ಇಟ್ಟುಕೊಳ್ಳಿ. ಎರಡು ವಾರದಲ್ಲಿ ಮುಗಿಸುತ್ತೇವೆ ಎನ್ನುವವರು ಸಾರಾಂಶ ಬರೆದು ತರುತ್ತಾರೆ.

ತುಳುವಿನಲ್ಲಿ ಆಡಿದ್ದನ್ನು ಮೊದಲು ಕನ್ನಡ ಲಿಪಿಯಲ್ಲಿ ತುಳುವಾಗಿಯೇ ಬರೆಯಿರಿ, ಮಲಯಾಳವನ್ನು ಮಲಯಾಳವಾಗಿಯೇ. ಅನುವಾದ ಪಕ್ಕದ ಕಾಲಮ್ಮಿನಲ್ಲಿ. ಇದು ಬರೀ ಶಿಸ್ತಿನ ಮಾತಲ್ಲ. ‘ಎಂಕುಲು ಓಟು ಪಾಡಿಯ’ ಮತ್ತು ‘ನಮ ಓಟು ಪಾಡಿಯ’ ಎರಡೂ ಕನ್ನಡಕ್ಕೆ ಬಂದರೆ ‘ನಾವು ಓಟು ಹಾಕಿದೆವು’. ಆದರೆ ‘ಎಂಕುಲು’ ಎಂದಾಗ ಕೇಳುವವನು ಹೊರಗೆ, ‘ನಮ’ ಎಂದಾಗ ಒಳಗೆ. ಮಲಯಾಳದ ‘ಞಙ್ಙಳ್’, ‘ನಮ್ಮಳ್’ ನಡುವೆಯೂ ಇದೇ ವ್ಯತ್ಯಾಸ. ಯಾರು ಯಾವ ರಾಜ್ಯದವರು, ಯಾರು ನಮ್ಮವರು ಎಂಬುದನ್ನೇ ಹುಡುಕಲು ಹೊರಟ ತಂಡ ಈ ಎರಡು ಪದಗಳನ್ನು ಒಂದೇ ‘ನಾವು’ ಮಾಡಿದರೆ ಕೈಗೆ ಬಂದ ಉತ್ತರವನ್ನು ತಾನೇ ಒರೆಸಿದಂತೆ. ‘ಎಂಕುಲು’ ಕೇಳಿಸಿದ ತಕ್ಷಣ ಕೇಳಬೇಕಾದ ಪ್ರಶ್ನೆ: ‘ಎಂಕುಲು ಎಂದರೆ ಯಾರು ಯಾರು ಅಜ್ಜಿ?’ ಮನೆಯವರೋ, ಜಾತಿಯವರೋ, ಕೂಲಿಗೆ ಹೋಗುತ್ತಿದ್ದ ಹೆಂಗಸರೋ, ಹೊಳೆಯ ಈಚೆಯವರೋ? ಪ್ರತಿ ಸಲ ಅದು ಬಂದಲ್ಲಿ ಬಣ್ಣದ ಗುರುತು ಹಾಕಿ, ಎಣಿಸಿ, ಯಾವ ವಿಷಯ ಬಂದಾಗ ‘ನಮ’ ಹೋಗಿ ‘ಎಂಕುಲು’ ಬಂತು ಎಂದು ನೋಡಿ.

ಕೊನೆಯ ಮೂರು ವಾರ

ಆರೂ ಮಂದಿ ಒಂದೇ ಮೇಜಿನಲ್ಲಿ ಕೂತು ಒಂದು ದೊಡ್ಡ ಕೋಷ್ಟಕ ಮಾಡಿ: ಒಂದು ಬದಿ ಘಟನೆ, ನಂತರ ಕಾಗದ ಹೇಳಿದ್ದು, ನೆನಪು ಹೇಳಿದ್ದು, ಹೊಂದುತ್ತದೆಯೇ. ಹೊಂದದ ಸಾಲುಗಳಿಂದಲೇ ಬರೆಯಲು ಶುರು ಮಾಡಿ. ಬರೆಯುವುದು ಬೇರೆ ಬೇರೆಯಾಗಿ, ಓದುವುದು ಒಟ್ಟಿಗೆ.

ಒಪ್ಪಿಗೆಯನ್ನು ಎರಡು ಸಲ ಕೇಳಬೇಕು: ಮಾತಿಗೆ ಮೊದಲು ಒಮ್ಮೆ, ಬರೆದಾದ ಮೇಲೆ ಓದಿ ಹೇಳಿ ಇನ್ನೊಮ್ಮೆ. ಧ್ವನಿಮುದ್ರಣಕ್ಕೆ ಒಪ್ಪಿಗೆ, ಹೆಸರು ಹಾಕಲು ಒಪ್ಪಿಗೆ, ಗ್ರಂಥಾಲಯದಲ್ಲಿ ಇಡಲು ಒಪ್ಪಿಗೆ ಮೂರೂ ಬೇರೆ ಬೇರೆ. ಒಂದಕ್ಕೆ ‘ಆಯ್ತು’ ಎಂದವರು ಮೂರಕ್ಕೂ ಅಂದಂತೆ ಅಲ್ಲ. ಕೋರ್ಟಿನಲ್ಲಿರುವ ಜಾಗದ ತಗಾದೆ, ಸತ್ತವರ ಮೇಲಿನ ದೂರು, ಬದುಕಿರುವ ನೆರೆಯವರ ಹೆಸರು ಇದ್ದರೆ ಆ ಸಾಲುಗಳನ್ನು ಮುಚ್ಚಿದ ಇನ್ನೊಂದು ಪ್ರತಿ ತಯಾರಿಸಿ, ಹೊರಗೆ ಹೋಗುವುದು ಅದೇ.

ಹಾರ್ಡ್ ಡಿಸ್ಕಿನ ಒಂದು ಪ್ರತಿ ಕಾಲೇಜಿನ ವಿಭಾಗಕ್ಕೆ, ಮುಚ್ಚಿದ ಪ್ರತಿಯ ಮುದ್ರಣ ಊರಿನ ಗ್ರಂಥಾಲಯಕ್ಕೆ. ಮಾತಾಡಿದವರಿಗೆ ಅವರ ಮಾತಿನ ಪ್ರತಿಯನ್ನು ಅಕ್ಷರ 18 ಪಾಯಿಂಟಿಗೆ ಏರಿಸಿ, ಸಾಲುಗಳ ನಡುವೆ ಜಾಗ ಬಿಟ್ಟು ಅಚ್ಚು ಹಾಕಿಸಿ ಕೈಗೆ ಕೊಡಿ, ಅಂಚೆಯಲ್ಲಿ ಕಳಿಸಬೇಡಿ. ಒಂದು ಪೆನ್ಸಿಲೂ ಜೊತೆಗಿರಲಿ. ತಿದ್ದುಪಡಿ ಬರುವುದು ಆಗಲೇ, ಎಲ್ಲ ಮುಗಿಯಿತು ಎಂದು ನೀವು ಚಪ್ಪಲಿ ಮೆಟ್ಟುವ ಹೊತ್ತಿಗೆ.